ಕ್ಯಾಮೆರಾದ ಮುಂದೆ ಕುಡಿದ ಚಹಾ

ಆ ಕಾಲಕ್ಕೆ ನಮ್ಮ ಕೌಲೂನಿನಲ್ಲಿ ಎರಡು ಗರಡಿಗಳ ಹಗೆಯ ಸಿನಿಮಾ ಬಂತೆಂದರೆ ಮೀನಿನ ಅಂಗಡಿಯವನೂ ಮಧ್ಯಾಹ್ನವೇ ಬಾಗಿಲು ಎಳೆದು ಟಾಕೀಸಿಗೆ ಓಡುತ್ತಿದ್ದ. ದಿನವಿಡೀ ಯಾರ್ಯಾರಿಂದಲೋ ಬೈಸಿಕೊಂಡು ತಲೆ ತಗ್ಗಿಸಿದವರೆಲ್ಲ ಅಲ್ಲಿ ಕೂತು, ಗುರುವಿನ ಮಾನಕ್ಕಾಗಿ ಒಬ್ಬನೇ ಊರಿಗೆ ಊರನ್ನೇ ಎದುರು ಹಾಕಿಕೊಳ್ಳುವವನನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಪರದೆಯ ಮೇಲೆ ಯಾವ ಅವಮಾನವೂ ಹಾಗೇ ಉಳಿಯುವುದಿಲ್ಲ. ಹೊರಗೆ ಉಳಿಯದೆ ಎಲ್ಲಿಗೆ ಹೋಗುತ್ತದೆ ಹೇಳಿ? ನನಗೂ ಆ ಹುಚ್ಚಿತ್ತು, ಸುಳ್ಳೇಕೆ ಹೇಳಲಿ. ಆ ಸಿನಿಮಾಗಳಲ್ಲಿ ಹಳೇ ರಾಜರ ಕಾಲದ ಗಂಡಸರಾಗುವವರಿಗೆ ಉದ್ದ ಜಡೆ ಹೊಲಿದು ಕೊಡುವುದೇ ಸ್ಟುಡಿಯೊದಲ್ಲಿ ನನ್ನ ಕೆಲಸ. ಎಲ್ಲರೂ ಜಡೆ ಅಕ್ಕ ಅನ್ನುತ್ತಿದ್ದರು.

ನನ್ನ ತಮ್ಮ ಪುಯ್ ಅದೇ ಸ್ಟುಡಿಯೊದಲ್ಲಿ ಹೊಡೆದಾಟದವನು. ನಾಯಕನ ಬದಲು ಛಾವಣಿಯಿಂದ ಬೀಳುವವನು. ಪರದೆಯ ಮೇಲೆ ಅವನ ಬೆನ್ನು ಬಿಟ್ಟು ಬೇರೇನನ್ನೂ ಯಾರೂ ಕಂಡಿರಲಿಲ್ಲ. ಅವನು ಕಲಿತದ್ದು ನಮ್ಮ ಬೀದಿಯ ತಾರಸಿ ಗರಡಿಯಲ್ಲಿ, ಟೋ ಗುರುಗಳ ಹತ್ತಿರ. ಅಪ್ಪ ಸತ್ತ ಮೇಲೆ ಅವನಿಗೆ ಅನ್ನ ಹಾಕಿ, ಕಿವಿ ಹಿಂಡಿ, ಮನುಷ್ಯನನ್ನಾಗಿ ಮಾಡಿದವರು ಅವರೇ.

ಬೀದಿಯ ಇನ್ನೊಂದು ತುದಿಯಲ್ಲಿ ಸೆಕ್ ಗುರುಗಳ ಮೂಳೆ ಕಟ್ಟುವ ಅಂಗಡಿ, ಅದರ ಹಿಂದೆ ಅವರ ಗರಡಿ. ಟೋ ಮತ್ತು ಸೆಕ್ ಇಬ್ಬರೂ ಒಬ್ಬನೇ ಗುರುವಿನ ಶಿಷ್ಯರು. ಆ ಗುರು ತೀರಿಕೊಂಡಾಗ ಅವರ ಹೆಸರು ಬರೆದ ಪೂಜೆಯ ಹಲಗೆ ಯಾರ ಮನೆಯಲ್ಲಿರಬೇಕು ಎಂದು ಶುರುವಾದ ಜಗಳ ಹೆಣ ಬೀಳುವ ಮಟ್ಟಕ್ಕೆ ಹೋಗಿತ್ತು. ಕೊನೆಗೆ ಬೀದಿಯ ಹಿರಿಯರು ಇಬ್ಬರನ್ನೂ ಕೂರಿಸಿ ಮಾತು ತೆಗೆದುಕೊಂಡರು: ಒಬ್ಬರ ಶಿಷ್ಯನನ್ನು ಇನ್ನೊಬ್ಬರು ಸೆಳೆದುಕೊಳ್ಳಬಾರದು, ಒಬ್ಬರ ಶಿಷ್ಯನ ಮೇಲೆ ಇನ್ನೊಬ್ಬರು ಮೊದಲು ಕೈ ಎತ್ತಬಾರದು, ಎತ್ತಿದರೆ ಅಲ್ಲಿಗೆ ಮಾತು ಮುರಿಯಿತು. ಟೋ ಗುರುಗಳಿಗೆ ಅದರಿಂದ ನಿದ್ದೆ ಬಂತು. ಹಲಗೆ ಸಿಗದ ಸೆಕ್ ಗುರುಗಳಿಗೆ ಬರಲಿಲ್ಲ.

ಆ ವರ್ಷ ನಮ್ಮ ನಿರ್ದೇಶಕನಿಗೆ ವೈರಿ ಗರಡಿಯ ಮುದಿ ಗುರುವಿನ ಪಾತ್ರಕ್ಕೆ ಸೆಕ್ ಗುರುಗಳೇ ಬೇಕಾದರು. ಅವರ ಮುಂದೆ ಮಂಡಿಯೂರಿ, ಚಹಾ ಕೊಟ್ಟು ಕ್ಷಮೆ ಕೇಳುವ ಪಾತ್ರ ಪುಯ್‌ನದು. ಗುರು ಬಟ್ಟಲನ್ನು ಎತ್ತಿ ಬಿಸಾಡಬೇಕು. ನಮ್ಮಲ್ಲಿ ಮಂಡಿಯೂರಿ ಎರಡೂ ಕೈಯಿಂದ ಕೊಟ್ಟ ಚಹಾವನ್ನು ಗುರು ಕುಡಿದರೆ ಮುಗಿಯಿತು, ಕೊಟ್ಟವನು ಸಾಯುವ ತನಕ ಅವರ ಶಿಷ್ಯ. ಅದಕ್ಕೇ ಇಂಥ ದೃಶ್ಯಕ್ಕೆ ಸ್ಟುಡಿಯೊದವರು ಬಣ್ಣದ ನೀರು ಇಡುವುದು.

ಆದರೆ ಪುಯ್ ನನ್ನ ಫ್ಲಾಸ್ಕಿನಿಂದ ಬಿಸಿ ಚಹಾ ಬಗ್ಗಿಸಿಕೊಂಡ.

"ಏನೋ ಮಾಡ್ತಿದೀಯ?"

"ಎಷ್ಟಾದ್ರೂ ಹಿರಿಯರು. ಅವರ ಕೈಗೆ ಬಣ್ಣದ ನೀರು ಕೊಡೋಕಾಗುತ್ತಾ ಅಕ್ಕ? ಹೇಗಿದ್ರೂ ಚೆಲ್ತಾರೆ, ಬಿಡು."

ಚೆಲ್ಲಲಿಲ್ಲ. ಕ್ಯಾಮೆರಾ ಓಡುತ್ತಿತ್ತು. ಸೆಕ್ ಗುರುಗಳು ಬಟ್ಟಲನ್ನು ಮೂಗಿನ ಹತ್ತಿರ ತಂದರು, ಹಬೆಯನ್ನು ನೋಡಿದರು, ಆಮೇಲೆ ನಿಧಾನವಾಗಿ ಪೂರ್ತಿ ಕುಡಿದರು. ಬಾಯಿ ಒರೆಸಿಕೊಂಡು, "ಏಳು ಮಗಾ," ಅಂದರು.

ನಿರ್ದೇಶಕ ಖುಷಿಗೆ ಕುರ್ಚಿಯಿಂದ ಹಾರಿದ. ಇನ್ನೊಮ್ಮೆ ತೆಗೆಯಿರಿ ಎಂದು ನಾನು ಅಂಗಲಾಚಿದೆ.

"ಜಡೆ ಅಕ್ಕ, ನೀವು ಜಡೆ ನೋಡ್ಕೊಳ್ಳಿ. ಶತ್ರು ಕೊಟ್ಟ ಟೀ ಕುಡಿದ್ಬಿಟ್ಟ ಅಂದ್ರೆ ಜನ ಗೊಳೋ ಅಂತ ಅಳ್ತಾರೆ, ಗೊತ್ತಾ?"

ಟೋ ಗುರುಗಳ ಕಾಲಿಗೆ ಬಿದ್ದು ಇವತ್ತೇ ಹೇಳಿಬಿಡು ಎಂದು ತಮ್ಮನಿಗೆ ಬಡಕೊಂಡೆ. ಅವನು ನಾಳೆ ಎಂದ, ಹಬ್ಬ ಕಳೆಯಲಿ ಎಂದ. ಮೊದಲ ಸಲ ಅವನ ಮುಖ ಪರದೆಯ ಮೇಲೆ ಬರುವುದಿತ್ತು. ಗುರುಗಳು ಅದನ್ನು ನೋಡಿ ಹಿಗ್ಗುತ್ತಾರೆ ಎಂದೇ ಆ ಪೆದ್ದನ ನಂಬಿಕೆ. ಅಷ್ಟರಲ್ಲಿ ಸೆಕ್ ಗುರುಗಳ ಕಡೆಯವನೊಬ್ಬ ಬಂದು, ಅವರ ಗರಡಿಯ ಕಪ್ಪು ಸೊಂಟಪಟ್ಟಿಯನ್ನು ನಮ್ಮ ಬಾಗಿಲಿಗೆ ಕಟ್ಟಿ ಹೋದ. ನಾನು ಅದನ್ನು ಒಲೆಗೆ ಹಾಕಿದೆ. ಆದರೆ ಎದುರುಮನೆಯವರು ನೋಡಿಯಾಗಿತ್ತು.

ಟೋ ಗುರುಗಳು ಹೊಡೆದಾಟದ ಒಂದು ಸಿನಿಮಾವನ್ನೂ ಬಿಡುವವರಲ್ಲ. ತಮ್ಮ ಪಟ್ಟುಗಳನ್ನು ಯಾರಾದರೂ ಕದ್ದಿದ್ದಾರೆಯೇ ಎಂದು ನೋಡಲು ಹೋಗುತ್ತೇನೆ ಅನ್ನುತ್ತಿದ್ದರು. ಬಿಡುಗಡೆಯ ದಿನ ಮಧ್ಯಾಹ್ನದ ಆಟಕ್ಕೆ ಶಿಷ್ಯರನ್ನೆಲ್ಲ ಕಟ್ಟಿಕೊಂಡು ಬಂದು ನಮ್ಮ ಮುಂದಿನ ಸಾಲಿನಲ್ಲೇ ಕೂತರು. ಪುಯ್‌ನ ಮುಖ ಪರದೆ ತುಂಬ ಬಂದಾಗ ಶಿಷ್ಯರು ಸಿಳ್ಳೆ ಹೊಡೆದರು. ಸೆಕ್ ಗುರುಗಳು ಚಹಾ ಕುಡಿದಾಗ ಇಡೀ ಟಾಕೀಸು ಅತ್ತಿತು. ನಿರ್ದೇಶಕ ಹೇಳಿದ್ದು ನಿಜ, ನನ್ನ ಕಣ್ಣಲ್ಲೂ ನೀರು ಬಂತು. ಮುಂದಿನ ಸಾಲಿನಲ್ಲಿ ಮಾತ್ರ ಯಾರೂ ಅಲುಗಾಡಲಿಲ್ಲ.

ದೀಪ ಹತ್ತಿತು. ಟೋ ಗುರುಗಳು ಎದ್ದು ತಿರುಗಿದರು. ಚಿಕ್ಕಂದಿನಿಂದ ನನ್ನ ತಮ್ಮನನ್ನು 'ಲೋ' ಎಂದೇ ಕರೆದವರು.

"ಚೆನ್ನಾಗಿ ಮಾಡಿದೀರಿ," ಅಂದರು. "ನಿಮ್ಮ ಗುರುಗಳು ಆರೋಗ್ಯವಾಗಿದಾರಾ?"

ಪುಯ್ ಎದ್ದು ನಿಂತ. "ಗುರುಗಳೇ, ಅದು ಸಿನಿಮಾ..."

"ಟೀನೂ ಸಿನಿಮಾದ್ದೇನಾ?"

ತಮ್ಮನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಹಾಗಾದ್ರೆ ನಾಳೆ ಬೆಳಿಗ್ಗೆ ತಾರಸಿಗೆ ಬನ್ನಿ. ನಮ್ಮ ಹುಡುಗರು ನಿಮ್ಮ ಕೈ ನೋಡ್ಬೇಕಂತೆ."

ಟೋ ಗುರುಗಳನ್ನು ಬಿಟ್ಟುಹೋದವನೊಬ್ಬ ನಮ್ಮ ಮಾರ್ಕೆಟ್ಟಿನಲ್ಲೇ ಇದ್ದ, ಎರಡೂ ಮೊಣಕೈ ಮಡಚಲಾರದೆ. ಕೈ ಮುರಿದು, ಗುರು ಕಲಿಸಿದ್ದನ್ನು ವಾಪಸು ತೆಗೆದುಕೊಳ್ಳುವುದು ಅಂದರೆ ಅದು. ಮಕಾವಿನಲ್ಲಿ ಚಿಕ್ಕಮ್ಮ ಇದ್ದಾಳೆ, ಮೊದಲ ದೋಣಿಗೇ ಹೋಗು ಎಂದು ಆ ರಾತ್ರಿ ತಮ್ಮನಿಗೆ ಕೈ ಮುಗಿದೆ.

"ಓಡಿಹೋದವನ ಸಿನಿಮಾ ಯಾರು ನೋಡ್ತಾರೆ ಅಕ್ಕ?" ಅಂದ. ನಗುತ್ತಿದ್ದ. "ಮಂಡಿಯೂರಿ ಕೇಳಿದ್ರೆ ಗುರುಗಳು ಬಿಟ್ಬಿಡ್ತಾರೆ. ನೀನೇ ನೋಡು."

ಅವನಿಗೆ ಬಾರಿಸಬೇಕು ಅನಿಸಿತು. ಈ ಹಾಳು ಸಿನಿಮಾಗಳನ್ನು ಅವನಿಗೆ ತೋರಿಸಿದವಳೂ ನಾನೇ.

ಬೆಳಿಗ್ಗೆ ಅವನು ಫ್ಲಾಸ್ಕು ಹಿಡಿದು ತಾರಸಿಯ ಕಡೆ ಹೊರಟ. ನಾನು ಸೆಕ್ ಗುರುಗಳಲ್ಲಿಗೆ ಓಡಿದೆ. ಅಂಗಡಿ ಮುಚ್ಚಿತ್ತು, ಅಂಗಳದಲ್ಲಿ ಅವರ ಶಿಷ್ಯರೆಲ್ಲ ಸೊಂಟಪಟ್ಟಿ ಬಿಗಿದು ನಿಂತಿದ್ದರು.

"ಅದು ಬರೀ ನಾಟಕದ ಟೀ ಅಂತ ಒಂದು ಮಾತು ಹೇಳಿ ಗುರುಗಳೇ. ನನ್ನ ತಮ್ಮ ಬದುಕ್ಕೊಳ್ತಾನೆ."

ಅವರು ಅಂಗಿಯ ತೋಳು ಮಡಚುತ್ತಾ ನನ್ನನ್ನು ಮರುಕದಿಂದಲೇ ನೋಡಿದರು.

"ನನ್ನ ಶಿಷ್ಯನಿಗೆ ಏಟು ಬಿದ್ರೆ ನಾನು ಸುಮ್ನಿರ್ತೀನಾಮ್ಮ? ಮೊದಲು ಒಂದು ಬೀಳ್ಲಿ. ಆಮೇಲೆ ಬರ್ತೀವಿ."

ಆಗ ನನಗೆ ಎಲ್ಲ ತಿಳಿಯಿತು. ಅವರಿಗೆ ಬೇಕಾಗಿದ್ದದ್ದು ಶಿಷ್ಯ ಅಲ್ಲ, ಹಿರಿಯರ ಮುಂದೆ ಕೊಟ್ಟ ಮಾತನ್ನು ಮುರಿಯುವ ಆ ಒಂದು ಏಟು. ವಾಪಸು ಓಡಿ ಬಂದರೆ ತಾರಸಿಯ ಮೆಟ್ಟಿಲ ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು. ಎಷ್ಟು ಬಡಿದರೂ ಯಾರೂ ತೆಗೆಯಲಿಲ್ಲ. ಎದುರಿನ ಕಟ್ಟಡದ ಮಹಡಿಗೆ ಹತ್ತಿದೆ.

ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಡೀ ಬೀದಿ ಮೇಲೆ ಬಂದಿತ್ತು. ಸ್ಟೂಲು, ಚಾಪೆ, ಮಡಿಲಲ್ಲಿ ತಿನ್ನಲು ಹುರಿದ ಕಲ್ಲಂಗಡಿ ಬೀಜ. ಮೀನಿನವನೂ ಇದ್ದ. ಜನರನ್ನು ತಳ್ಳಿಕೊಂಡು ಮೋಟುಗೋಡೆಯ ತನಕ ಹೋದೆ. ಅಷ್ಟು ಹತ್ತಿರದಲ್ಲಿ, ಗಲ್ಲಿಯ ಆಚೆ, ನನ್ನ ತಮ್ಮ ಮಂಡಿಯೂರಿ ಎರಡೂ ಕೈಯಲ್ಲಿ ಬಟ್ಟಲು ಎತ್ತಿ ಹಿಡಿದಿದ್ದ. ಟೋ ಗುರುಗಳು ಅದನ್ನು ತೆಗೆದುಕೊಂಡು ನೆಲಕ್ಕೆ ಸುರಿದು, ಆ ಕಡೆ ಮುಖ ಮಾಡಿ ಕೂತರು. ಅವರ ಹಿರಿಯ ಶಿಷ್ಯ ಅಂಗಿ ಕಳಚಿ ಮುಂದೆ ಬಂದ.

"ಯಾರಾದ್ರೂ ತಡೀರೋ! ಅವನ ಕೈ ಮುರೀತಾರೆ! ಪುಯ್, ಎದ್ದೇಳೋ!" ಎಂದು ಕಿರುಚಿದೆ.

ಹಿಂದಿನಿಂದ ಯಾರೋ ನನ್ನ ಭುಜ ಹಿಡಿದು ಕೆಳಗೆ ಒತ್ತಿದರು.

"ಸ್ವಲ್ಪ ಕೂತ್ಕೊಳ್ಳಮ್ಮ. ಹಿಂದಿನವರಿಗೆ ಕಾಣ್ತಿಲ್ಲ."