ಗಂಗೆಗೆಂದು ಕೊಟ್ಟ ಲಿಂಗ

ಉಮರ್ಗಾ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಮನ್ಮಥಪ್ಪ ಸುಳ್ಳಿನಲ್ಲಿ ಪಳಗಿದವನಲ್ಲ. ಪಳಗಿದವನಾಗಿದ್ದರೆ ಸಣ್ಣದೊಂದು ಹೇಳಿ ಮುಗಿಸುತ್ತಿದ್ದ. ಗೊಬ್ಬರದ ಕಂಪನಿಯವರು ಚೆನ್ನಾಗಿ ಮಾಲು ಮಾರಿದ ಅಂಗಡಿಕಾರರನ್ನು ಥಾಯ್ಲೆಂಡಿಗೆ ಕರೆದೊಯ್ಯುವವರಿದ್ದರು. ಥಾಯ್ಲೆಂಡ್ ಎಂದರೆ ಸಾಕು, ಪೇಟೆಯ ಮಂದಿ ಮೀಸೆಯೊಳಗೇ ನಗುತ್ತಾರೆ. ಹೋಗಿಬಂದವನು ಆಣೆ ಮಾಡಿದರೂ ನಂಬುವುದಿಲ್ಲ. ಹೆಂಡತಿ ಕಸ್ತೂರಬಾಯಿ ಬೇಡವೆಂದುಬಿಟ್ಟರೆ ಎಂದು ಹೆದರಿ ಅವನು, ಕಂಪನಿಯವರು ಕಾಶಿಗೆ ಒಯ್ಯುತ್ತಾರೆ ಎಂದ. ಮಗಳು ಸಾರಿಕಾ ಬಾಣಂತನಕ್ಕೆ ಬಂದಿದ್ದಳು, ಹೀಗಾಗಿ ಹೆಂಡತಿ ಜೊತೆಗೆ ಹೊರಡುವ ಭಯವೂ ಇರಲಿಲ್ಲ. ಪಾಸ್‌ಪೋರ್ಟು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಭದ್ರವಾಗಿತ್ತು.

ಹೊರಡುವ ದಿನ ಕಸ್ತೂರಬಾಯಿ ಬಿಳಿ ವಸ್ತ್ರದಲ್ಲಿ ಸುತ್ತಿದ ಒಂದು ಲಿಂಗವನ್ನು ತಂದು ಅವನ ಕೈಯಲ್ಲಿಟ್ಟಳು. ಅದು ಅವಳ ತಂದೆ, ಗುಂಜೋಟಿಯ ಗುರಣ್ಣನ ಇಷ್ಟಲಿಂಗ. ಹೋದ ಬೇಸಿಗೆಯಲ್ಲಿ ಲಾತೂರಿನ ದವಾಖಾನೆಯಲ್ಲಿ ಮುದುಕನನ್ನು ಸ್ಕ್ಯಾನಿಗೆ ಒಯ್ಯುವಾಗ ಕೊರಳಲ್ಲಿದ್ದುದನ್ನೆಲ್ಲ ತೆಗೆಸಿದ್ದರು. ಲಿಂಗವನ್ನು ಅವಳು ತನ್ನ ಪರ್ಸಿನಲ್ಲಿಟ್ಟುಕೊಂಡಳು. ಮುದುಕ ಮತ್ತೆ ಕಣ್ಣು ತೆರೆಯಲಿಲ್ಲ. ಸತ್ತವರನ್ನು ಕೂರಿಸಿ ಮಣ್ಣು ಮಾಡುವಾಗ ಅಂಗೈಯಲ್ಲಿ ಅವರ ಲಿಂಗ ಇರಲೇಬೇಕು. ಆದರೆ ಅಳುವಿನ ಗದ್ದಲದಲ್ಲಿ ಅವಳಿಗೆ ನೆನಪಾಗಲಿಲ್ಲ, ಹೂವು ಪತ್ರಿಯಲ್ಲಿ ಮುಚ್ಚಿಹೋದ ಅಂಗೈಯನ್ನು ಉಳಿದವರು ಬಿಡಿಸಿ ನೋಡಲಿಲ್ಲ. ಗುರಣ್ಣ ಬರಿಗೈಯಲ್ಲಿ ಹೋದ. ಆಮೇಲೆ ಪರ್ಸು ತೆರೆದವಳಿಗೆ ಅಂದಿನಿಂದ ತುತ್ತು ಗಂಟಲಲ್ಲಿ ಇಳಿಯದು. ಹರಿಯುವ ನೀರಿಗೆ ಬಿಟ್ಟರಾಯಿತು ಎಂದು ಮಠದ ಅಯ್ಯನವರು ಸಮಾಧಾನ ಹೇಳಿದ್ದರು. ಬಿಟ್ಟರೆ ಗಂಗೆಗೇ ಎಂದು ಅವಳು ಹಟ ಹಿಡಿದಿದ್ದಳು.

"ನನ್ನ ಕೈಲೆ ತಪ್ಪಾಗ್ಯದ, ನಿಮ್ಮ ಕೈಲೆ ತೀರಲಿ," ಎಂದಳು. "ಅಪ್ಪಗ ಗಂಗಿ ಮುಟ್ಟಸ್ರಿ."

ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಮನ್ಮಥಪ್ಪ ಹೂಂ ಎಂದು ತಲೆಯಾಡಿಸಿ, ಲಿಂಗವನ್ನು ಒಳಜೇಬಿಗೆ ಹಾಕಿಕೊಂಡು ಜೀಪು ಹತ್ತಿದ.

ಬ್ಯಾಂಕಾಕ್ ಮುಗಿಸಿ ಕಂಪನಿಯವರು ಅವರನ್ನು ಕಾಂಚನಬುರಿ ಎಂಬ ಊರಿಗೆ ಒಯ್ದರು. ಊರಿನಾಚೆ ಕಾಡಿನಲ್ಲಿ ಐರಾವತದ ಹೆಸರಿನ ಜಲಪಾತ. ಕೆಳಗಿನ ಮಡುವಿನಲ್ಲಿ ಕಾಲು ಇಳಿಬಿಟ್ಟರೆ ಮೀನುಗಳು ಬಂದು ಹಿಮ್ಮಡಿ ಕಚ್ಚುತ್ತಿದ್ದವು, ಹೊಟ್ಟೆ ಬಂದ ಅಂಗಡಿಕಾರರೆಲ್ಲ ಹುಡುಗರ ಹಾಗೆ ಕಿರುಚಿ ನಗುತ್ತಿದ್ದರು. ಮನ್ಮಥಪ್ಪನೂ ನಗುತ್ತಿದ್ದ. ಅಷ್ಟರಲ್ಲಿ ಫೋನು ಬಂತು.

"ಅದು ಗಂಗಿ ಸಪ್ಪಳೇನ್ರಿ?" ಎಂದಳು ಕಸ್ತೂರಬಾಯಿ.

"ಹೂಂ."

"ಫೋನ ಹಂಗ ಹಿಡೀರಿ. ಒಂದೀಟು ಕೇಳ್ತೀನಿ."

ಅವನು ಫೋನನ್ನು ನೀರಿನ ಕಡೆ ಚಾಚಿ ಹಿಡಿದ. ಮತ್ತೆ ಕಿವಿಗಿಟ್ಟಾಗ ಆ ಕಡೆ ಅವಳು ಅಳುತ್ತಿದ್ದಳು. ಲಿಂಗ ಬಿಟ್ಟಿರಾ ಎಂದು ಕೇಳಿದಳು. ಸಂಜೆ ಬಿಡುತ್ತೇನೆ ಎಂದ. ಆಮೇಲೆ ಮೀನುಗಳ ಕಚಗುಳಿ ಅವನಿಗೆ ಸಹಿಸಲಾಗಲಿಲ್ಲ, ದಂಡೆಗೆ ಬಂದು ಕೂತ. ನಾಚಿಕೆಗೆಟ್ಟ ಮನಸ್ಸು ಅಲ್ಲೇ ಲೆಕ್ಕ ಹಾಕಿತು. ಅವಳಂತೂ ನಂಬಿದ್ದಾಳೆ, ನೀರು ಎಲ್ಲಿಯದಾದರೂ ನೀರೇ. ಸಂಜೆ ಊರಿನ ಹಳೆಯ ರೈಲು ಸೇತುವೆ ನೋಡಲು ಹೋದಾಗ ಅಲ್ಲಿನ ಹೊಳೆಗೇ ಬಿಟ್ಟುಬಿಡುವುದು ಎಂದುಕೊಂಡ.

ಸೇತುವೆಗೆ ಹೋಗುವ ಮೊದಲು ಬಸ್ಸು ಒಂದು ಸ್ಮಶಾನದ ಮುಂದೆ ನಿಂತಿತು. ಎರಡನೇ ಮಹಾಯುದ್ಧದ ಕಾಲಕ್ಕೆ ಜಪಾನಿಯರು ಈ ಕಾಡಿನಲ್ಲಿ ರೈಲುದಾರಿ ಹಾಕಿಸಿದಾಗ ಸತ್ತ ಬಿಳಿಯ ಯುದ್ಧಕೈದಿಗಳನ್ನು ಅಲ್ಲಿ ಹೂಳಿದ್ದರು. ಬಾಚಿ ಇಟ್ಟಂಥ ಹುಲ್ಲು, ಸಾಲು ಸಾಲು ಕಲ್ಲು, ಕಲ್ಲಿಗೊಂದು ಹೂವಿನ ಗಿಡ. ನಿಲಂಗಾದ ಬೀಜದ ವ್ಯಾಪಾರಿ ಸಂಜುಕುಮಾರನಿಗೆ ಇಂಗ್ಲಿಷು ಬರುತ್ತಿತ್ತು. ಅವನು ಒಂದು ಕಲ್ಲಿನ ಮುಂದೆ ಬಗ್ಗಿ ಓದಿದ.

"ನೀ ಎಲ್ಲಿ ಮಲಗೀದಿ ಅಂತ ಅವ್ವಗ ಗೊತ್ತದ. ಹಂಗಂತ ಬರಸ್ಯಾರ ಕಾಕಾ."

ಗೈಡು ಹೇಳಿದ್ದನ್ನೂ ಅವನೇ ತಿಳಿಸಿದ. ಮಲಯಾದ ತೋಟಗಳಿಂದ ಎಳೆದುತಂದ ತಮಿಳು ಕೂಲಿಗಳೂ ಲೆಕ್ಕವಿಲ್ಲದಷ್ಟು ಸತ್ತರಂತೆ. ಅವರಿಗೆ ಕಲ್ಲಿಲ್ಲ, ಹೆಸರಿಲ್ಲ. ಯಾರು ಎಲ್ಲಿ ಬಿದ್ದರೆಂದು ಅವರ ಹೆಂಡಿರು ಮಕ್ಕಳಿಗೆ ಇವತ್ತಿಗೂ ತಿಳಿದಿಲ್ಲ. ಮನ್ಮಥಪ್ಪನ ಕೈ ತಾನಾಗಿ ಒಳಜೇಬಿಗೆ ಹೋಯಿತು.

ಕಬ್ಬಿಣದ ಸೇತುವೆಯ ಮೇಲೆ ಎಲ್ಲರೂ ಫೋಟೊಗೆ ನಿಂತರು. ಅವನು ಕೆಳಗಿಳಿದು ಹೊಳೆಯ ದಂಡೆಯಲ್ಲಿ ಕೂತು ವಸ್ತ್ರ ಬಿಚ್ಚಿದ. ಮುದುಕನ ಹೆಬ್ಬೆರಳು ದಿನವೂ ತಿಕ್ಕಿ ನುಣುಪಾಗಿದ್ದ ಲಿಂಗ ಅಂಗೈಯಲ್ಲಿ ತಣ್ಣಗಿತ್ತು. ಇಲ್ಲಿ ಬಿಟ್ಟರೆ ಮಾವ ಈ ಹೊಳೆಯಲ್ಲಿರುತ್ತಾನೆ, ಅವನ ಮಗಳು ಬದುಕಿರುವ ತನಕ ಗಂಗೆಯ ಕಡೆ ಕೈ ಮುಗಿಯುತ್ತಾಳೆ. ಇದನ್ನು ಯಾವ ಯುದ್ಧವೂ ಮಾಡಿಸುತ್ತಿಲ್ಲ, ತಾನೇ ಮಾಡುತ್ತಿದ್ದೇನೆ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಲಿಂಗವನ್ನು ಮತ್ತೆ ಸುತ್ತಿ, ಕೊರಳಿನಲ್ಲಿದ್ದ ತನ್ನ ಲಿಂಗದ ವಸ್ತ್ರದೊಳಗೇ ಸೇರಿಸಿ ಕಟ್ಟಿಕೊಂಡ.

ಊರಿಗೆ ಮುಟ್ಟಿದಾಗ ಮನೆಯಲ್ಲಿ ಹೋಳಿಗೆ ಆಗಿತ್ತು. ಅಪ್ಪನಿಗೆ ಗಂಗೆ ಮುಟ್ಟಿತೆಂದು ಕಸ್ತೂರಬಾಯಿ ಅಯ್ಯನವರನ್ನು ಕರೆಸಿ ಉಣ್ಣಿಸಿದ್ದಳು. ಗಂಡನ ಎದುರು ಕೂತು ತಾನೂ ಹೊಟ್ಟೆ ತುಂಬ ಉಂಡಳು. ಅವ್ವ ಎಷ್ಟೋ ದಿನದ ಮೇಲೆ ಹೀಗೆ ಉಂಡಳು ಎಂದು ಸಾರಿಕಾ ಹೇಳಿದಳು. ಮನ್ಮಥಪ್ಪ ತಾಟಿನಲ್ಲಿದ್ದ ಹೋಳಿಗೆಯನ್ನು ಮುರಿದ, ಬಾಯಿಗಿಡಲಿಲ್ಲ. ಉಣ್ಣುವವಳ ಮುಂದೆ ಹೇಳಲು ಅವನಿಗೆ ಧೈರ್ಯ ಸಾಲಲಿಲ್ಲ.

ಬೆಳಿಗ್ಗೆ ಇಬ್ಬರೂ ಎಂದಿನಂತೆ ದೇವರ ಜಗುಲಿಯ ಮುಂದೆ ಲಿಂಗಪೂಜೆಗೆ ಕೂತರು. ಅವನು ಕೊರಳಿನ ವಸ್ತ್ರ ಬಿಚ್ಚಿ ಅಂಗೈ ಚಾಚಿದ. ಅಂಗೈಯಲ್ಲಿ ಎರಡು ಲಿಂಗಗಳಿದ್ದವು.

"ನಾ ಕಾಶಿಗೆ ಹೋಗಿಲ್ಲ," ಎಂದ. "ಥಾಯ್ಲೆಂಡಿಗೆ ಹೋಗಿದ್ದೆ. ಸುಳ್ಳ ಹೇಳೀನಿ."

ಕಸ್ತೂರಬಾಯಿ ವಿಭೂತಿ ಹಚ್ಚುತ್ತಿದ್ದ ಕೈ ನಿಲ್ಲಿಸಿದಳು. ಬಯ್ಯುತ್ತಾಳೆಂದು ಅವನು ಕಾದ. ಬೈದಿದ್ದರೆ ಚೆನ್ನಾಗಿತ್ತು.

"ಹಂಗಾರ ಫೋನಿನ್ಯಾಗ ನಾ ಕೇಳಿದ್ದು ಏನ್ರಿ?"

"ಬ್ಯಾರೆ ನೀರು."

ಅವಳು ಅವನ ಅಂಗೈಯಿಂದ ತಂದೆಯ ಲಿಂಗವನ್ನು ಎತ್ತಿಕೊಂಡು, ಕಣ್ಣಿಗೊತ್ತಿ, ತನ್ನ ಲಿಂಗದ ಜೊತೆ ಕೊರಳಿಗೆ ಕಟ್ಟಿಕೊಂಡಳು.

"ಬಾಣಂತನ ಮುಗೀಲಿ. ಅಪ್ಪನ್ನ ನಾನೇ ಒಯ್ತೀನಿ," ಎಂದಳು. "ನೀವು ಜೊತಿಗೆ ಬರಬ್ಯಾಡ್ರಿ."

ಆಮೇಲೆ ಕಣ್ಣು ಮುಚ್ಚಿ ಪೂಜೆಗೆ ಕೂತಳು. ಮನ್ಮಥಪ್ಪ ಉಳಿದ ಒಂದು ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡು, ಅವಳ ಪೂಜೆ ಮುಗಿಯುವ ತನಕ ನೀರು ಹಾಕದೆ ಹಾಗೇ ಕೂತಿದ್ದ.