ಕೇಳದೆ ಬಿಟ್ಟ ಪ್ರಶ್ನೆ

ಕ್ಷಯರೋಗದ ಮಾತ್ರೆ ಕೊಡುವ ಕಿಟಕಿಯಲ್ಲಿ ನರ್ಸಮ್ಮ ನಿಂತರೆ ಅವಳ ದನಿ ಬಸ್‌ಸ್ಟಾಪಿನವರೆಗೂ ಕೇಳಿಸುತ್ತಿತ್ತು. "ಏ ಗ್ಯಾರೇಜು, ಬಾರಪ್ಪ, ನನ್ನೆದುರಿಗೇ ನುಂಗು. ನಾಳೆ ತಪ್ಪಿಸಿದ್ರೆ ಗ್ಯಾರೇಜಿಗೇ ಬಂದು ಕಿವಿ ಹಿಂಡ್ತೀನಿ" ಎನ್ನುವಳು. ಸಾಲಿನಲ್ಲಿದ್ದ ಮುದುಕರು ನಗುವರು. ಗ್ಯಾರೇಜಿನಲ್ಲಿ ಕೆಲಸ ಮಾಡುವ ಆ ತರುಣ ಮಾತ್ರ ತಲೆ ತಗ್ಗಿಸಿ, ನೀರು ಕುಡಿದು ಹೋಗಿಬಿಡುವನು. ಅವಳ ಪ್ರೀತಿಯ ರೀತಿಯೇ ಅದು. ಹೀಗೆ ಬೆನ್ನು ಬೀಳದಿದ್ದರೆ ಈ ವಯಸ್ಸಿನವರು ಮಾತ್ರೆ ನುಂಗುತ್ತಾರೆಯೇ?

ಆದರೂ ಹರೆಯದವರೇ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುತ್ತಿದ್ದರು. ಯಾಕೆಂದು ತಿಳಿಯಲು ಆಸ್ಪತ್ರೆ ಒಂದು ಅಧ್ಯಯನ ಶುರು ಮಾಡಿ, ಬಡಾವಣೆಯ ಕೆಲವು ಹುಡುಗ ಹುಡುಗಿಯರನ್ನು ಸೇರಿಸಿಕೊಂಡಿತು. ಸೇರಿಸಿಕೊಂಡಿದ್ದು ಹೆಸರಿಗೆ. ಪ್ರಶ್ನೆಗಳನ್ನೆಲ್ಲ ದೊಡ್ಡವರೇ ಬರೆದಿಟ್ಟಿದ್ದರು. ಮನೆಮನೆಗೆ ಹೋಗಿ ಕೇಳಿಕೊಂಡು ಬರುವ ಚಾಕರಿಯಷ್ಟೇ ಇವರದು. ಮೊದಲ ಸಭೆಯಲ್ಲೇ ದರ್ಜಿಯ ಮಗಳು ಎದ್ದು ನಿಂತಳು.

"ಮಾತ್ರೆ ಮರೆತು ಹೋಗತ್ತಾ, ಹೊಟ್ಟೆ ತೊಳಸತ್ತಾ ಅಂತೆಲ್ಲ ಕೇಳ್ತಿದೀರಿ. ಕಿಟಕೀಲಿ ಕೂಗಿ ಕರೆದ್ರೆ ನಾಚಿಕೆ ಆಗತ್ತಾ ಅಂತಲೂ ಒಂದು ಸೇರ್ಸಿ. ನಮ್ಮ ವಯಸ್ಸಿನೋರು ಬಾಯಿಬಿಟ್ಟು ಹೇಳಲ್ಲ, ಆದ್ರೆ ಅದಕ್ಕೇ ಬರೋದು ಬಿಡ್ತಿದಾರೆ."

ನರ್ಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ನೀನು ಹುಟ್ಟೋಕೆ ಮೊದ್ಲಿಂದ ಮಾತ್ರೆ ಕೊಡ್ತಿದೀನಿ ಕಣೆ. ಕೂಗದಿದ್ರೆ ಒಬ್ಬರೂ ಬರಲ್ಲ. ಹೇಳಿದ ಕೆಲಸ ಮಾಡು, ನನಗೆ ಪಾಠ ಹೇಳ್ಬೇಡ."

ಹುಡುಗಿ ಕೂತಳು. ಮುಂದಿನ ಸಭೆಗೆ ಬರಲಿಲ್ಲ. ಅವಳ ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಈಗಿನವರಿಗೆ ಮೈ ಬಗ್ಗುವುದಿಲ್ಲ ಎಂದು ನರ್ಸಮ್ಮ ಡಾಕ್ಟರ ಮುಂದೆ ಗೊಣಗಿದಳು.

ಆಮೇಲೆ ಗ್ಯಾರೇಜಿನ ತರುಣ ಬರುವುದೂ ನಿಂತಿತು. ಗ್ಯಾರೇಜಿನಲ್ಲಿ ವಿಚಾರಿಸಿದರೆ ಕೆಲಸ ಬಿಟ್ಟ ಎಂದರು. ಊರು ಬಿಟ್ಟಿರಬೇಕೆಂದುಕೊಂಡು ಅವಳು ಸುಮ್ಮನಾದಳು. ಕೆಲವು ತಿಂಗಳ ಮೇಲೆ ತಾಯಿ ಅವನನ್ನು ಹೆಗಲಿಗೆ ಆನಿಸಿಕೊಂಡು ಕರೆತಂದಳು. ಕೆಮ್ಮಿದರೆ ರಕ್ತ ಬರುತ್ತಿತ್ತು.

"ದಿನಾ ಮಾತ್ರೆಗೆ ಅಂತಲೇ ಮನೆ ಬಿಡ್ತಿದ್ದ ಸಿಸ್ಟರ್. ಬಸ್‌ಸ್ಟಾಪಲ್ಲಿ ಒಂದಿಷ್ಟು ಹೊತ್ತು ನಿಂತು ವಾಪಸ್ ಬರ್ತಿದ್ನಂತೆ. ನೀವು ಕರೆಯೋದನ್ನ ಕೇಳಿದೋರು ಯಾರೋ ಗ್ಯಾರೇಜಲ್ಲಿ ಹೇಳಿದಾರೆ. ಅಲ್ಲಿ ಯಾರೂ ಇವನ ಜೊತೆ ಕೂತು ಉಣ್ಣಲಿಲ್ಲ, ಆಮೇಲೆ ಬರ್ಲೇಬೇಡ ಅಂದ್ರು. ನಿಮ್ಮ ಮೇಲೆ ಸಿಟ್ಟಿಲ್ಲ ಬಿಡಿ, ನೀವು ಒಳ್ಳೇದಕ್ಕೇ ಕೂಗಿದ್ರಿ."

ಆ ತಾಯಿ ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಅಂದು ಆ ಹುಡುಗಿಯ ಬಾಯಿ ಮುಚ್ಚಿಸದೆ ಇದ್ದಿದ್ದರೆ ಎಂದು ನರ್ಸಮ್ಮನಿಗೆ ಮತ್ತೆ ಮತ್ತೆ ಅನ್ನಿಸಿತು. ಸಂಜೆ ನೇರ ದರ್ಜಿ ಅಂಗಡಿಗೆ ಹೋದಳು. ಸುದ್ದಿ ಆಗಲೇ ಬಡಾವಣೆಗೆಲ್ಲ ಹಬ್ಬಿತ್ತು. ಹುಡುಗಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

"ಗ್ಯಾರೇಜಿನ ಅಣ್ಣ ಹೇಗಿದಾನೆ?"

"ಜೀವಕ್ಕೇನೂ ಆಗಲ್ಲ. ಆದ್ರೆ ಒಂದು ಕಡೆ ಶ್ವಾಸಕೋಶ ಹಾಳಾಗಿದೆ. ಅದು ಮತ್ತೆ ಸರಿಹೋಗಲ್ಲ."

"ನಾನು ಸಭೇಲಿ ಹೇಳಿದಾಗ ಹೇಗಿದ್ದ?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. "ಆಗ ಇನ್ನೂ ಮಾತ್ರೆ ತಗೋತಿದ್ದ. ಗುಣ ಆಗ್ತಿದ್ದ."

ಯಂತ್ರ ನಿಂತಿತು.

"ನಿನ್ನ ಮಾತು ಕೇಳ್ಬೇಕಿತ್ತು ಕಣಮ್ಮ, ಕೇಳಲಿಲ್ಲ. ಈ ಸಲ ಪ್ರಶ್ನೆಗಳನ್ನ ನೀವೇ ಬರೀರಿ. ಮೊದಲು ನನ್ನನ್ನೇ ಕೇಳಿ."

ಹುಡುಗಿ ಅವಳತ್ತ ತಿರುಗಿದಳು. "ನಿಮಗೇ ಈ ಕಾಯಿಲೆ ಬಂದು, ನಿಮ್ಮನ್ನ ಯಾರಾದ್ರೂ ಬೀದೀಲಿ ಹಾಗೆ ಕೂಗಿದ್ರೆ, ಮಾರನೇ ದಿನ ಬರ್ತಿದ್ರಾ?"

"ಇಲ್ಲ" ಎಂದಳು ನರ್ಸಮ್ಮ.

ಹುಡುಗಿ ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆಗಳನ್ನು ತೆಗೆದು, ಅವಳಿಗೆ ಕೂರಲು ಜಾಗ ಮಾಡಿದಳು.