ಗೇಣುದ್ದದ ಟ್ಯೂಬು

"ನೀನು ಕೂರಿಸಿದ್ದೇ ಸರಿಯಿಲ್ಲ ಕಣೇ ಮೂಗಿ. ಎಲ್ಲೋ ಗಾಳಿ ಎಳೀತಿದೆ. ಎರಡನ್ನೂ ಬಿಚ್ಚು," ಎಂದರು ದೊಡ್ಡಪ್ಪ.

ತಮ್ಮನ ಮಗಳು ಮಾತಾಡುವುದು ಕಡಿಮೆಯೆಂದು ಅವರಿಟ್ಟ ಹೆಸರು ಅದು. ಅವಳು ಬಿಚ್ಚಲಿಲ್ಲ. ಹಳೇ ಕಾರಿನ ಒಂಟಿ ಕಾರ್ಬುರೇಟರ್ ತೆಗೆದು ಜೋಡಿ ಕೂರಿಸಿದ್ದು, ಈ ಗ್ಯಾರೇಜಿನಲ್ಲಿ ಅವಳು ಒಬ್ಬಳೇ ಮಾಡಿದ ಮೊದಲ ಕೆಲಸ. ಈಗ ಬಿಚ್ಚಿದರೆ ಮತ್ತೆ ಪಾನಾ ಒರೆಸುತ್ತಾ ಕೂರುವುದೇ ಗತಿ. ಇಂಜಿನ್ ಓಡುತ್ತಿದ್ದಂತೆಯೇ ಸಂದುಗಳಿಗೆಲ್ಲ ಎಣ್ಣೆ ಸವರಿದಳು. ಗಾಳಿ ಸೋರುತ್ತಿದ್ದರೆ ಸದ್ದು ಬದಲಾಗಬೇಕಿತ್ತು. ಬದಲಾಗಲಿಲ್ಲ.

"ಸಂದು ಸರಿಯಿದೆ ದೊಡ್ಡಪ್ಪ."

"ಮತ್ತೆ ಏರಲ್ಲಿ ಗಾಡಿ ಯಾಕೆ ಕೆಮ್ಮುತ್ತೆ? ಟ್ಯೂನಿಂಗ್ ಮಾಡಿದ್ದು ನಾನು. ಈ ಕಿವಿ ಸುಳ್ಳು ಹೇಳಲ್ಲ!"

ಚಹಾ ತಂದ ದೊಡ್ಡಮ್ಮ ನಕ್ಕರು. "ಯಾವ ಕಿವಿ? ಊಟಕ್ಕೆ ಕೂತಾಗ ಬಲಗಡೆ ನಿಂತು ಇನ್ನಷ್ಟು ಬಡಿಸ್ಲಾ ಅಂದ್ರೆ ಉತ್ತರಾನೇ ಇಲ್ಲ. ಎಡಗಡೆಯಿಂದ ಬೈದ್ರೆ ಮಾತ್ರ ಥಟ್ಟಂತ ಕೇಳಿಸುತ್ತೆ!"

"ಮತ್ತೊಂದ್ಸಲ ಕೇಳಿ ನೋಡಿ ದೊಡ್ಡಪ್ಪ," ಎಂದಳು ಅವಳು.

ದೊಡ್ಡಪ್ಪ ಜೇಬಿನಿಂದ ರಬ್ಬರ್ ಟ್ಯೂಬು ತೆಗೆದರು. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ. ಎರಡರ ಉಸಿರೂ ಒಂದೇ ಸಮ ಕೇಳಬೇಕು. ಇಲ್ಲವಾದರೆ ಎತ್ತು ಏರಿಗೆ, ಕೋಣ ನೀರಿಗೆ. ಆದರೆ ಜೇಬಿಗೆ ಹಿಡಿಸಲೆಂದು ಕತ್ತರಿಸಿದ ಟ್ಯೂಬು ಗೇಣುದ್ದ ಮಾತ್ರ ಇತ್ತು. ಮುಂದಿನದಕ್ಕೆ ಬಾನೆಟ್ ಎದುರಿನಿಂದ ಬಗ್ಗಿ ಎಡಗಿವಿ ಕೊಟ್ಟರು. ಹಿಂದಿನದಕ್ಕೆ ಕಾರಿನ ಬಾಗಿಲ ಕಡೆ ಹೋಗಿ ಬಲಗಿವಿ.

"ಹಿಂದಿನದು ಇನ್ನೂ ಸಣ್ಣಕ್ಕೇ ಉಸಿರಾಡ್ತಿದೆ," ಎಂದು ಗಾಳಿ ಹೆಚ್ಚಿಸಲು ಅದರ ತಿರುಪನ್ನು ಇನ್ನಷ್ಟು ಏರಿಸಹೋದರು.

"ತಡೀರಿ," ಎಂದಳು. ಹೊಸ ಟ್ಯೂಬಿನ ಸುರುಳಿಯಿಂದ ಮೊಳದುದ್ದ ಕತ್ತರಿಸಿ ಕೊಟ್ಟಳು. "ಓಡಾಡೋದು ಬೇಡ. ನಿಂತಲ್ಲೇ ಎರಡನ್ನೂ ಕೇಳಿ."

ದೊಡ್ಡಪ್ಪ ಎಡಗಿವಿಯಲ್ಲಿ ಮುಂದಿನದನ್ನು ಕೇಳಿದರು, ಹಿಂದಿನದನ್ನು ಕೇಳಿದರು. ಮತ್ತೆ ಮುಂದಿನದು. ಹುಬ್ಬು ಗಂಟಿಕ್ಕಿತು. ಹಿಂದಿನದು ಬುಸುಗುಡುತ್ತಿತ್ತು.

ಅವಳು ಎರಡನ್ನೂ ಜೋಡಿಸಿದ ಸರಳನ್ನು ಸಡಿಲಿಸಿ, ಹಿಂದಿನ ತಿರುಪನ್ನು ಇಳಿಸುತ್ತಾ ಹೋದಳು. ಎರಡೂ ಸಮವಾಯಿತೆಂದು ಅವರು ಕೈಯೆತ್ತಿದಾಗ ನಿಲ್ಲಿಸಿ, ಸರಳು ಬಿಗಿದಳು.

"ಹಳೇ ಟ್ಯೂಬು ಗಿಡ್ಡ ಆಗಿತ್ತು," ಎಂದರು ದೊಡ್ಡಪ್ಪ.

"ಹೌದು, ಗಿಡ್ಡ."

ಬೀದಿ ಕೊನೆಯ ಏರನ್ನು ಕಾರು ಕೆಮ್ಮದೆ, ಕುಂಟದೆ ಹತ್ತಿತು. ಪಕ್ಕದಲ್ಲಿ ಕೂತಿದ್ದವಳ ಮಡಿಲಿಗೆ ದೊಡ್ಡಪ್ಪ ಉದ್ದನೆಯ ಟ್ಯೂಬು ಹಾಕಿದರು.

"ನಾಳೆ ಬರೋ ಗಾಡಿ ನಿಂದೇ. ಕೂರಿಸೋದೂ ನೀನೇ, ಕೇಳೋದೂ ನೀನೇ. ಆದ್ರೆ ಬಲಗಿವಿ ವಿಷ್ಯ ನಿಮ್ಮ ದೊಡ್ಡಮ್ಮನ ಹತ್ರ ಎತ್ಬೇಡ. ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಾಳೆ. ಊಟದ ಹೊತ್ತಿಗೆ ನಂಗಿರೋ ನೆಮ್ಮದಿ ಅದೊಂದೇ."

"ನಾನು ಮೂಗಿ ಅಲ್ವಾ ದೊಡ್ಡಪ್ಪ," ಎಂದಳು ಅವಳು.